ಒಣಗಿದ ಕಿವಿಯನ್ನು ನಂಬಬೇಡ

ಮಗಳೇ, ಎಂ.ಫಾರ್ಮ್ ಪ್ರಾಜೆಕ್ಟಿಗೆ ಮಧ್ಯಕಿವಿಯ ಸೋಂಕನ್ನು ಆರಿಸಿಕೊಂಡಿದ್ದೀ, ಪ್ರಾಣಿಗಳಲ್ಲಿ ಸೋಂಕು ಬರಿಸಿ ಆ್ಯಂಟಿಬಯಾಟಿಕ್ ಕೊಟ್ಟು ನೋಡುವುದಿದೆ ಎಂದು ಅಣ್ಣ ಹೇಳಿದ. ಕೇಳಿ ನನಗೆ ಬಹಳ ಸಂತೋಷವಾಯಿತು. ನಮ್ಮ ಕಡೆಯ ಹುಡುಗರು ಬಿ.ಫಾರ್ಮ್ ಮುಗಿಸಿದರೆ ಕಂಪನಿಯ ನೌಕರಿ ನೋಡುತ್ತಾರೆ, ಇಲ್ಲವೆಂದರೆ ಅಂಗಡಿ ಲೈಸೆನ್ಸಿಗೆ ಓಡಾಡುತ್ತಾರೆ. ಈ ಕಿವಿಯ ಗೋಜಿಗೆ ಬರುವವರು ಕಡಿಮೆ. ನಿನ್ನ ಕಾಕಾ ಬೈಲಹೊಂಗಲದಲ್ಲಿ ಕುಳಿತು ಆಯುಷ್ಯವೆಲ್ಲ ನೋಡಿದ್ದು ಸೋರುವ ಕಿವಿಗಳನ್ನೇ. ಹೀಗಾಗಿ ನೀನು ಬೆಳಗಾವಿಗೆ ಹೊರಡುವ ಮುಂಚೆ ಕೆಲವು ಮಾತು ಹೇಳಲೇಬೇಕು.

ನನ್ನ ಮೇಜಿನ ಎದುರು ಅತಿ ಹೆಚ್ಚು ಸಲ ಕೇಳಿದ ಮಾತು ಇದು: "ಡಾಕ್ಟರ್ರ, ಹ್ವಾದ ವರ್ಷನೂ ಸೋರತಿತ್ರಿ. ಹನಿ ಹಾಕಿದ್ವಿ, ಒಣಗಿತ್ತು. ಈಗ ನೆಗಡಿ ಬಂದ ಮ್ಯಾಲೆ ಮತ್ತ ಸುರು ಆಗೇತಿ." ನೇಸರಗಿಯಿಂದ ಬಂದ ತಾಯಿಯೂ ಇದನ್ನೇ ಹೇಳುತ್ತಿದ್ದಳು, ಬೆಳವಡಿಯ ಅಜ್ಜನೂ ಇದನ್ನೇ ಹೇಳುತ್ತಿದ್ದ. ಒಣಗಿತು ಅಂದರೆ ಅವರ ಲೆಕ್ಕದಲ್ಲಿ ಗುಣವಾಯಿತು. ಕೀವು ಕಾಣದಿದ್ದರೆ ರೋಗವೂ ಇಲ್ಲ. ಆದರೆ ಬೆಳಕು ಬಿಟ್ಟು ನೋಡಿದರೆ ಕಿವಿಯ ಪರದೆಯಲ್ಲಿ ತೂತು ಹಾಗೆಯೇ ಇರುತ್ತಿತ್ತು. ಪಿಸುದನಿಯಲ್ಲಿ ಹೆಸರು ಕೇಳಿದರೆ ಹುಡುಗ ತಾಯಿಯ ಬಾಯಿ ನೋಡುತ್ತಿದ್ದ. ನಿನ್ನ ಪ್ರಯೋಗಕ್ಕೆ ನಾನು ಹೇಳಬೇಕಾದುದರ ತಿರುಳೆಲ್ಲ ಇಲ್ಲಿಯೇ ಇದೆ. ಕಿವಿ ಒಣಗಿತೇ ಎಂದು ಕೇಳಿ ಸುಮ್ಮನಾಗಬೇಡ. ಪರದೆಯ ಹಿಂದೆ ಏನಿದೆ, ಆ ಜೀವಕ್ಕೆ ಕೇಳಿಸುತ್ತದೆಯೇ ಎಂದೂ ಕೇಳು.

ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಸೋರುವ ಕಿವಿಯ ಬಗ್ಗೆ ಒಂದು ವರದಿ ತಂದಿತು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕು ಮಂದಿಗಿಂತ ಹೆಚ್ಚಿನವರಿಗೆ ಈ ರೋಗವಿದ್ದರೆ ಅದು ತಡಮಾಡದೆ ಕೈಹಾಕಬೇಕಾದ ದೊಡ್ಡ ಸಾರ್ವಜನಿಕ ಸಮಸ್ಯೆ ಎಂದು ಅದರಲ್ಲಿದೆ. ಆ ಗುಂಪಿನಲ್ಲಿ ಭಾರತವೂ ಇದೆ. ಏಕೆ ಎಂದು ನಮ್ಮ ತಾಲೂಕಿನಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಮಲಗಿಸಿಯೇ ಬಾಟಲಿ ಹಾಲು ಕುಡಿಸುತ್ತಾರೆ. ಅಡುಗೆಮನೆಯ ಹೊಗೆಯಲ್ಲಿ ಕೂಸು ತೊಟ್ಟಿಲಲ್ಲಿರುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲಿನಲ್ಲಿ ಒಬ್ಬನಿಗೆ ನೆಗಡಿಯಾದರೆ ಎಲ್ಲ ಮಕ್ಕಳಿಗೂ ಆಗುತ್ತದೆ. ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ನಳಿಕೆ ಗಿಡ್ಡ, ಹೆಚ್ಚು ಇಳಿಜಾರೂ ಇಲ್ಲ. ನೆಗಡಿಯ ಜೊತೆ ಬ್ಯಾಕ್ಟೀರಿಯಾ ಅದೇ ದಾರಿ ಹಿಡಿದು ಮೇಲೇರುತ್ತದೆ. ಒಳಗೆ ಕೀವು ತುಂಬಿ ಪರದೆ ಒಡೆಯುತ್ತದೆ. ಒಡೆದ ಕೂಡಲೇ ನೋವು ಇಳಿಯುವುದರಿಂದ ಮನೆಯವರಿಗೆ ಸಮಾಧಾನವಾಗುತ್ತದೆ. ಮುಂದೆ ಬೇಸಿಗೆಯಲ್ಲಿ ಅದೇ ಹುಡುಗ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಹಾರುತ್ತಾನೆ, ಮಲಪ್ರಭೆಯ ಕಾಲುವೆಯಲ್ಲಿ ಈಜುತ್ತಾನೆ. ತೂತಿನೊಳಗೆ ನೀರು ಹೋಗಿ ಕಿವಿ ಮತ್ತೆ ಸೋರತೊಡಗುತ್ತದೆ. ಆಮೇಲೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಎಲೆಯ ರಸ, ಪಕ್ಕದ ಮನೆಯವರು ಅರ್ಧ ಬಳಸಿ ಇಟ್ಟ ಹನಿ ಬಾಟಲಿ.

ಇದಕ್ಕೆ ಪ್ರಾಣಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಗಟ್ಟಿಯಾಗಿ ಗೊತ್ತಿರಲಿ. ಮಗುವಿನ ಪರದೆಯ ಹಿಂದೆ ದಿನಕ್ಕೊಂದು ಸಲ ಸೂಜಿ ಹಾಕಿ ದ್ರವ ತೆಗೆದು, ಔಷಧ ಎಷ್ಟು ತಲುಪಿತು, ಬ್ಯಾಕ್ಟೀರಿಯಾ ಎಷ್ಟು ಉಳಿಯಿತು ಎಂದು ಎಣಿಸಲು ಆಗದು. ರಕ್ತದಲ್ಲಿ ಔಷಧ ಎಷ್ಟಿದೆ ಎಂದು ತಿಳಿದ ಮಾತ್ರಕ್ಕೆ ಎಲುಬಿನೊಳಗಿನ ಆ ಸಣ್ಣ ಪೊಳ್ಳಿನಲ್ಲಿ ಎಷ್ಟಿದೆ ಎಂದು ಹೇಳಲಾಗದು. ಸಾಮಾನ್ಯವಾಗಿ ಅಲ್ಲಿ ಕಡಿಮೆಯೇ ಇರುತ್ತದೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಗೀಬಿಂಕ್ ಎಂಬ ಮಕ್ಕಳ ವೈದ್ಯರೂ ಅವರ ಜೊತೆಗಾರರೂ 1970ರ ದಶಕದಲ್ಲಿ ಚಿಂಚಿಲ್ಲಾ ಎಂಬ ಪ್ರಾಣಿಯನ್ನು ಈ ಕೆಲಸಕ್ಕೆ ತಂದರು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ದಂಶಕ ಅದು, ತೂಕ ಸುಮಾರು ಅರ್ಧ ಕಿಲೋ. ದೇಹದ ಗಾತ್ರಕ್ಕೆ ನೋಡಿದರೆ ಅದರ ಮಧ್ಯಕಿವಿ ಬಹಳ ದೊಡ್ಡದು, ಮೇಲಿನ ಎಲುಬು ತೀರ ತೆಳು. ನೆತ್ತಿಯ ಕಡೆಯಿಂದ ಸೂಜಿ ಹಾಕಿ ದ್ರವ ತೆಗೆಯಬಹುದು, ಪರದೆಗೆ ಪೆಟ್ಟಾಗದು. ಅದಕ್ಕೆ ಕೇಳಿಸುವ ಸದ್ದಿನ ವ್ಯಾಪ್ತಿಯೂ ಮನುಷ್ಯರದಕ್ಕೆ ಹತ್ತಿರ.

ಆ ಕೆಲಸದಿಂದ ತಿಳಿದ ಮೊದಲ ಸಂಗತಿಗಳಲ್ಲಿ ಒಂದು ನಮ್ಮ ತಾಯಂದಿರಿಗೆ ಮೊದಲೇ ಗೊತ್ತಿದ್ದುದು. ಮೂಗಿಗೆ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಒಂದನ್ನೇ ಬಿಟ್ಟಾಗ ಕಿವಿಗೆ ಸೋಂಕು ತಗಲಿದ ಪ್ರಾಣಿಗಳು ಕಡಿಮೆ. ಇನ್‌ಫ್ಲುಯೆಂಜಾ ವೈರಸ್ಸನ್ನೂ ಜೊತೆಗೆ ಬಿಟ್ಟಾಗ ಬಹಳ ಹೆಚ್ಚು. 1980ರಲ್ಲಿ ಪ್ರಕಟವಾದ ಫಲಿತಾಂಶ ಇದು. ನೆಗಡಿ ದಾರಿ ತೆರೆಯುತ್ತದೆ, ಬ್ಯಾಕ್ಟೀರಿಯಾ ಹಿಂದಿನಿಂದ ಬರುತ್ತದೆ. ಹಾಗೆಂದು ನೆಗಡಿಗೇ ಆ್ಯಂಟಿಬಯಾಟಿಕ್ ಕೊಟ್ಟರೆ ಉಪಯೋಗವಿಲ್ಲ, ವೈರಸ್ಸಿಗೆ ಅದು ತಾಕುವುದಿಲ್ಲ. ಈ ಎರಡನೆಯ ಮಾತನ್ನು ಊರಿನ ಔಷಧ ಅಂಗಡಿಗಳಲ್ಲಿ ಇನ್ನೂ ಎಷ್ಟು ಸಲ ಹೇಳಬೇಕೋ.

ಈಗ ಪ್ರಾಣಿಯ ಆಯ್ಕೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳು, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಚಿಂಚಿಲ್ಲಾ ನಮ್ಮ ಕಾಲೇಜುಗಳ ಪ್ರಾಣಿಗೃಹದಲ್ಲಿ ಸಿಗುವಂಥದ್ದಲ್ಲ. ಇಲಿ ಸಿಗುತ್ತದೆ, ಗಿನಿಪಿಗ್ ಸಿಗುತ್ತದೆ. ಗಿನಿಪಿಗ್ಗಿನ ಮಧ್ಯಕಿವಿ ತೆರೆದು ನೋಡಲು ಸುಲಭ, ಅದಕ್ಕೇ ಕಿವಿಯ ಪ್ರಯೋಗಗಳಲ್ಲಿ ಅದಕ್ಕೆ ಹಳೆಯ ಸ್ಥಾನವಿದೆ. ಆದರೆ ಗಿನಿಪಿಗ್ಗಿಗೆ ಪೆನಿಸಿಲಿನ್ ಜಾತಿಯ ಔಷಧ ಕೊಟ್ಟರೆ ಅದು ಸಾಯಬಹುದು. ಅದರ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅಳಿದು, ವಿಷ ಬಿಡುವ ಕ್ಲಾಸ್ಟ್ರಿಡಿಯಮ್ ಬೆಳೆಯುತ್ತದೆ. ಕೆಲವೇ ದಿನಗಳಲ್ಲಿ ಭೇದಿಯಾಗಿ ಪ್ರಾಣಿ ಹೋಗುತ್ತದೆ. ಅಮಾಕ್ಸಿಸಿಲಿನ್ನಿಗೂ ಈ ಮಾತು ಸಲ್ಲುತ್ತದೆ, ಕ್ಲಿಂಡಾಮೈಸಿನ್ನಿಗಂತೂ ಇನ್ನೂ ಹೆಚ್ಚು. ಕಿವಿಯ ಸೋಂಕಿಗೆ ಮಕ್ಕಳಿಗೆ ಮೊದಲು ಕೊಡುವ ಔಷಧವೇ ಅಮಾಕ್ಸಿಸಿಲಿನ್. ಅದನ್ನು ಗಿನಿಪಿಗ್ಗಿನಲ್ಲಿ ಪರೀಕ್ಷಿಸಹೊರಟು, ಕೊನೆಗೆ ಕಿವಿಯ ರೋಗದಿಂದ ಸತ್ತವೋ ಔಷಧದಿಂದ ಸತ್ತವೋ ತಿಳಿಯದೆ ಕುಳಿತರೆ ಆ ಜೀವಗಳಿಗೆ ಯಾರು ಉತ್ತರ ಹೇಳಬೇಕು? ಪ್ರಾಣಿಯ ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಪೆನಿಸಿಲಿನ್ನಿನ ಕಥೆಯನ್ನೇ ನೋಡು.

ಆಕ್ಸ್‌ಫರ್ಡಿನಲ್ಲಿ 1940ರ ಮೇ 25ರಂದು ಹೊವಾರ್ಡ್ ಫ್ಲೋರಿ ಎಂಬ ವಿಜ್ಞಾನಿಯ ತಂಡ ಎಂಟು ಸುಂಡಿಲಿಗಳಿಗೆ ಪ್ರಾಣ ತೆಗೆಯುವಷ್ಟು ಸ್ಟ್ರೆಪ್ಟೊಕಾಕಸ್ ಚುಚ್ಚಿತು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟಿತು, ನಾಲ್ಕಕ್ಕೆ ಇಲ್ಲ. ನಾರ್ಮನ್ ಹೀಟ್ಲಿ ಎಂಬ ಸಹೋದ್ಯೋಗಿ ಹೊತ್ತು ಮೀರಿದರೂ ಪ್ರಯೋಗಾಲಯ ಬಿಡದೆ ಕಾದರು. ಬೆಳಗಾಗುವಷ್ಟರಲ್ಲಿ ಔಷಧ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕ ನಾಲ್ಕೂ ಬದುಕಿದ್ದವು. ಪೆನಿಸಿಲಿನ್ನಿನ ಕಥೆ ಮುಂದುವರಿದದ್ದು ಆ ರಾತ್ರಿಯಿಂದ. ಅಂದು ಪಂಜರದಲ್ಲಿ ಗಿನಿಪಿಗ್ಗುಗಳಿದ್ದಿದ್ದರೆ ಈ ಔಷಧವನ್ನು ವಿಷವೆಂದು ಬದಿಗಿಡುವ ಸಂಭವವಿತ್ತು ಎಂದು ಔಷಧಶಾಸ್ತ್ರದ ಮೇಷ್ಟ್ರುಗಳು ಇಂದಿಗೂ ಹೇಳುತ್ತಾರೆ. ಯಾವ ಪ್ರಾಣಿಯನ್ನು ಕೇಳಿದೆವು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ.

ಇಲಿಯನ್ನು ಆರಿಸಿಕೊಂಡರೂ ಎಚ್ಚರ ಬೇಕು. ಇಲಿಗೆ ಅತಿ ಎತ್ತರದ ಸ್ವರಗಳು ಚೆನ್ನಾಗಿ ಕೇಳುತ್ತವೆ, ತಗ್ಗಿನವು ಕಡಿಮೆ. ನಮ್ಮ ಮಾತಿನ ಸ್ವರಗಳ ಮಟ್ಟದಲ್ಲಿ ಕಿವಿ ಎಷ್ಟು ಕೆಟ್ಟಿತು ಎಂದು ಅದರಿಂದ ನೇರವಾಗಿ ಹೇಳುವುದು ಕಷ್ಟ. ಅದರ ದೇಹ ಔಷಧವನ್ನು ನಮಗಿಂತ ಬೇಗ ಹೊರಹಾಕುತ್ತದೆ. ಆದ್ದರಿಂದ ಮಗುವಿಗೆ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದಿರುವುದನ್ನು ಇಲಿಗೂ ಅಷ್ಟೇ ಎಂದು ಬರೆಯಬೇಡ. ಇನ್ನೊಂದು ಸಂಗತಿ, ಪ್ರಯೋಗಾಲಯದಲ್ಲಿ ಬೆಳೆದ ಇಲಿಗಳಿಗೆ ಮೈಕೊಪ್ಲಾಸ್ಮಾದಿಂದ ಮಧ್ಯಕಿವಿಯ ಸೋಂಕು ತಾನಾಗಿಯೇ ಇರುವುದುಂಟು. ಪಂಜರದಲ್ಲಿ ತಲೆ ಓರೆ ಮಾಡಿಕೊಂಡು ಕುಳಿತ ಇಲಿ ಕಂಡರೆ, ಒಂದೇ ಕಡೆಗೆ ಸುತ್ತುವುದು ಕಂಡರೆ ಅದನ್ನು ಗುಂಪಿಗೆ ಸೇರಿಸಬೇಡ. ಓರೆಯಾಗದೆಯೂ ರೋಗ ಇರಬಹುದು. ಪ್ರಯೋಗಕ್ಕೆ ಮುಂಚೆ ಪ್ರತಿಯೊಂದರ ಎರಡೂ ಕಿವಿಗಳಲ್ಲಿ ಬೆಳಕು ಬಿಟ್ಟು ನೋಡು. ಪರದೆ ತಿಳಿಯಾಗಿ ಹೊಳೆಯಬೇಕು, ಅದರ ಹಿಂದೆ ಸುತ್ತಿಗೆ ಎಲುಬಿನ ಹಿಡಿ ಗೆರೆಯಂತೆ ಕಾಣಬೇಕು. ಮಬ್ಬಾಗಿದ್ದರೆ, ಹಳದಿಗಿದ್ದರೆ, ಉಬ್ಬಿದ್ದರೆ ಒಳಗೆ ದ್ರವವಿದೆ ಎಂದು ತಿಳಿ. ನೋಡಲು ಕಲಿಯುವುದಕ್ಕೆ ಸಮಯ ಹಿಡಿಯುತ್ತದೆ. ಗೈಡ್ ಅವಸರ ಮಾಡಿದರೂ ನೀನು ಮಾಡಬೇಡ.

ಮೈಕೊಪ್ಲಾಸ್ಮಾ ಎಂದಾಗ ನಮ್ಮ ಕೊಟ್ಟಿಗೆಯ ಮಾತನ್ನೂ ಹೇಳುತ್ತೇನೆ. ಹಾಲು ಕುಡಿಯುವ ಕರುವಿನ ಒಂದು ಕಿವಿ ಜೋತುಬಿದ್ದು, ತಲೆ ಒಂದು ಕಡೆ ವಾಲಿ, ಹೆಜ್ಜೆ ತಪ್ಪುವುದನ್ನು ರೈತರು ನೋಡಿರುತ್ತಾರೆ. ಮೈಕೊಪ್ಲಾಸ್ಮಾ ಬೋವಿಸ್ ಎಂಬ ಬ್ಯಾಕ್ಟೀರಿಯಾ ಮಧ್ಯಕಿವಿಗೆ ಇಳಿದಾಗ ಕರುಗಳಲ್ಲಿ ಹೀಗಾಗುತ್ತದೆ. ಕೆಚ್ಚಲು ಬಾವಿನ ಹಸುವಿನ ಹಾಲನ್ನು "ಮಾರಾಕ ಬರೂದಿಲ್ಲ, ಕರಕ್ಕರ ಆಗಲಿ" ಎಂದು ಕುಡಿಸಿದರೆ ಆ ಬ್ಯಾಕ್ಟೀರಿಯಾ ಹಾಲಿನ ಜೊತೆಗೇ ಹೋಗುತ್ತದೆ. ಈ ಜಾತಿಗೆ ಕೋಶಭಿತ್ತಿಯೇ ಇಲ್ಲ. ಕೋಶಭಿತ್ತಿ ಕಟ್ಟುವುದನ್ನು ತಡೆದು ಕೊಲ್ಲುವ ಪೆನಿಸಿಲಿನ್, ಸೆಫಲೊಸ್ಪೊರಿನ್ ಯಾವುದನ್ನು ಚುಚ್ಚಿದರೂ ಅದಕ್ಕೆ ಏನೂ ಆಗದು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿ ದುಡ್ಡು ಹೋಗಿ ಕರುವೂ ಹೋದ ಮೇಲೆ ಔಷಧ ಖೊಟ್ಟಿ ಎನ್ನುತ್ತಾರೆ. ಒಳಗೆ ಯಾವ ಬ್ಯಾಕ್ಟೀರಿಯಾ ಇದೆ ಎಂದು ಯಾರೂ ನೋಡಿರುವುದಿಲ್ಲ. ಮಧ್ಯಕಿವಿಯ ಸೋಂಕು ಪ್ರಾಣಿಗಳಿಗೆ ನಾವೇ ಬರಿಸುವ ರೋಗ ಮಾತ್ರವಲ್ಲ. ಅವುಗಳಿಗೂ ಅದು ಸಹಜವಾಗಿ ಬರುತ್ತದೆ, ನೋಯುತ್ತದೆ. ನಿನ್ನ ಓದಿನಿಂದ ಸವದತ್ತಿ, ರಾಮದುರ್ಗದ ಪಶು ಆಸ್ಪತ್ರೆಗಳಿಗೂ ಪ್ರಯೋಜನವಾಗಬಹುದು ಎಂಬುದು ನಿನ್ನ ಗಮನದಲ್ಲಿರಲಿ.

ಕೆಲವು ಔಷಧಗಳಲ್ಲಿ ಪ್ರಮಾಣಕ್ಕಿಂತ ವೇಳೆ ಹೆಚ್ಚು ಮುಖ್ಯ ಎಂಬುದನ್ನು ಕಲಿಸಿದ್ದೂ ಪ್ರಾಣಿಗಳೇ. ಪೆನಿಸಿಲಿನ್ ಜಾತಿಯ ಔಷಧಗಳ ಮಟ್ಟ ಒಮ್ಮೆಗೇ ಎಷ್ಟು ಎತ್ತರಕ್ಕೆ ಏರಿತು ಎಂಬುದರಿಂದ ಹೆಚ್ಚೇನೂ ಆಗದು. ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯುವ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಉಳಿಯಿತು ಎಂಬುದೇ ಗುಣ ತರುವುದು. ಹ್ಯಾರಿ ಈಗಲ್ ಎಂಬ ವಿಜ್ಞಾನಿ ಸುಂಡಿಲಿ, ಮೊಲಗಳಲ್ಲಿ ಇದನ್ನು ಬಹಳ ಹಿಂದೆಯೇ ತೋರಿಸಿದ್ದರು. ವಿಲಿಯಂ ಕ್ರೇಗ್ ಎಂಬ ಸಂಶೋಧಕರು ಅದನ್ನೇ ಮುಂದುವರಿಸಿ, ಕಿವಿಯ ಸೋಂಕಿನ ಮಕ್ಕಳ ಲೆಕ್ಕಗಳ ಜೊತೆ 1996ರಲ್ಲಿ ಹೊಂದಿಸಿ ನೋಡಿದರು. ಎರಡು ಡೋಸುಗಳ ನಡುವಿನ ಅವಧಿಯಲ್ಲಿ ನೂರಕ್ಕೆ 40ರಿಂದ 50 ಪಾಲು ಹೊತ್ತಾದರೂ ಔಷಧ ಆ ಮಟ್ಟದ ಮೇಲಿದ್ದರೆ ಬಹುಪಾಲು ಕಿವಿಗಳಲ್ಲಿ ಬ್ಯಾಕ್ಟೀರಿಯಾ ಅಳಿಯುತ್ತದೆ ಎಂದು ಕಂಡಿತು. ನಮ್ಮ ಮನೆಗಳಲ್ಲಿ ಮುಂಜಾನೆಯ ಡೋಸು ಮರೆತು ರಾತ್ರಿ ಎರಡು ಚಮಚ ಒಮ್ಮೆಗೇ ಕುಡಿಸುತ್ತಾರಲ್ಲ, ಅದು ಸರಿದೂಗುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ. ಮೂರು ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿ, ನೀರು ಕಲಸಿದ ಸಿರಪ್ಪಿನ ಬಾಟಲಿಯನ್ನು ಮುಂದಿನ ಸಲಕ್ಕೆಂದು ಗೂಡಿನಲ್ಲಿಡುವುದೂ ಅಂಥದ್ದೇ. ಕಲಸಿದ ಔಷಧ ಕೆಲವು ದಿನಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಮುಂದಿನ ಸಲದ ರೋಗವೂ ಬೇರೆಯೇ ಇರಬಹುದು.

ಅದರ ಜೊತೆ ಇದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೊಸದಾಗಿ ಬಂದ ಕಿವಿನೋವು ಬಹುಪಾಲು ಮಕ್ಕಳಲ್ಲಿ ಎರಡು ಮೂರು ದಿನಗಳಲ್ಲಿ ಆ್ಯಂಟಿಬಯಾಟಿಕ್ ಇಲ್ಲದೆಯೂ ಇಳಿಯುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿಯಲ್ಲಿ ಸೋಂಕಿದ್ದರೆ, ಕಿವಿ ಸೋರುತ್ತಿದ್ದರೆ ಆ್ಯಂಟಿಬಯಾಟಿಕ್ಕಿನ ಪ್ರಯೋಜನ ಹೆಚ್ಚು. ಪ್ರಾಣಿಗಳಲ್ಲಿಯೂ ಔಷಧವಿಲ್ಲದೆ ಗುಣವಾಗುವವು ಇರುತ್ತವೆ. ಹೀಗಾಗಿ ಔಷಧ ಕೊಡದ ಗುಂಪು ಇಲ್ಲದೆ ನಿನ್ನ ಪ್ರಯೋಗಕ್ಕೆ ಅರ್ಥವಿಲ್ಲ. ದೇಹ ತಾನೇ ಮಾಡಿದ ಕೆಲಸವನ್ನು ಔಷಧದ ಖಾತೆಗೆ ಜಮಾ ಮಾಡಬಾರದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಬಹಳ ವರ್ಷ ವೈದ್ಯರಿಗೆ ಒಂದು ಒಗಟಿತ್ತು. ಮಗುವಿನ ಕಿವಿಯಲ್ಲಿ ದ್ರವ ಇರುತ್ತದೆ, ಆದರೆ ಅದನ್ನು ತೆಗೆದು ಬೆಳೆಸಿ ನೋಡಿದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹಾಗಾದರೆ ಸೋಂಕು ಹೋಗಿದೆ ಎಂದುಕೊಂಡರು. 2002ರಲ್ಲಿ ಗಾರ್ತ್ ಅರ್ಲಿಕ್, ಕ್ರಿಸ್ಟಫರ್ ಪೋಸ್ಟ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಚಿಂಚಿಲ್ಲಾಗಳ ಮಧ್ಯಕಿವಿಯ ಒಳಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹಿಮೋಫಿಲಸ್ ಬ್ಯಾಕ್ಟೀರಿಯಾ ಪೊರೆಗೆ ಅಂಟಿಕೊಂಡು ಲೋಳೆಯ ಹೊದಿಕೆಯೊಳಗೆ ಗುಂಪುಗುಂಪಾಗಿ ಕುಳಿತಿತ್ತು. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಸೋಂಕು ತಗಲಿದ ಮೊದಲ ವಾರದೊಳಗೇ ಅದು ಕಟ್ಟಿಕೊಂಡಿತ್ತು. ನಮ್ಮ ಮನೆಯ ನೀರಿನ ಹರವಿಯ ಒಳಬದಿಗೆ ಕೈ ಆಡಿಸಿದರೆ ಜಾರುವ ಲೋಳೆ ಹತ್ತುತ್ತದಲ್ಲ, ಬರೀ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಅದು ಹೋಗುತ್ತದೆಯೇ? ನಾಲ್ಕು ವರ್ಷಗಳ ಮೇಲೆ, 2006ರಲ್ಲಿ, ಪದೇ ಪದೇ ಕಿವಿ ಕೆಡುವ ಮಕ್ಕಳ ಮಧ್ಯಕಿವಿಯ ಪೊರೆಯಲ್ಲಿಯೂ ಇದನ್ನೇ ಕಂಡರು. ಹೊದಿಕೆಯೊಳಗಿನ ಬ್ಯಾಕ್ಟೀರಿಯಾ ನಿಧಾನವಾಗಿ ಬದುಕುತ್ತದೆ, ದ್ರವದಲ್ಲಿ ತೇಲುವವನ್ನು ಕೊಲ್ಲುವ ಪ್ರಮಾಣದ ಔಷಧವನ್ನು ತಡೆದುಕೊಳ್ಳುತ್ತದೆ. ಮೇಲೆ ಒಣಗಿದ ಕಿವಿ ಮುಂದಿನ ನೆಗಡಿಗೆ ಮತ್ತೆ ಏಕೆ ಸೋರುತ್ತದೆ ಎಂಬ ನಮ್ಮೂರಿನ ತಾಯಿಯ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಭಾಗ ಆ ಚಿತ್ರಗಳಲ್ಲಿತ್ತು. ಆ ಪ್ರಾಣಿಗಳು ಇಲ್ಲದೆ ಅದು ತಿಳಿಯುತ್ತಿರಲಿಲ್ಲ.

ಇದರ ಎದುರು ಬದಿಯೂ ಇದೆ. ಬ್ಯಾಕ್ಟೀರಿಯಾ ಪೂರ್ತಿ ಸತ್ತ ಮೇಲೂ ಕಿವಿಯಲ್ಲಿ ದ್ರವ ಉಳಿಯಬಹುದು. ಸತ್ತ ನ್ಯುಮೊಕಾಕಸ್ಸಿನ ಕೋಶಭಿತ್ತಿಯ ಚೂರುಗಳೇ ಉರಿಯೂತ ಎಬ್ಬಿಸುತ್ತವೆ ಎಂದು ಚಿಂಚಿಲ್ಲಾಗಳಲ್ಲಿ ತೋರಿಸಿದ್ದಾರೆ. ಆಗ ಇನ್ನಷ್ಟು ಆ್ಯಂಟಿಬಯಾಟಿಕ್ ಕೊಡುವುದು ತಪ್ಪು, ಕಾದು ನೋಡಬೇಕು. ಆದರೆ ಕಾಯುವಾಗ ಆ ಮಗು ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿದೆಯೇ ನೋಡು. ಎಷ್ಟೋ ಮಕ್ಕಳನ್ನು ದಡ್ಡರೆಂದು, ಮಾತು ಕೇಳದವರೆಂದು ಬೈಯುವುದನ್ನು ನಾನು ಕಂಡಿದ್ದೇನೆ. ಅವರಿಗೆ ಅರ್ಧ ಮಾತು ಕೇಳಿಯೇ ಇರುತ್ತಿರಲಿಲ್ಲ. ಈ ಮಕ್ಕಳ ನೆನಪು ಬಂದಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಹಾಗಾಗಿ ನಿನ್ನ ಪ್ರಯೋಗದ ಕೊನೆಯ ಲೆಕ್ಕದಲ್ಲಿ ಬ್ಯಾಕ್ಟೀರಿಯಾದ ಎಣಿಕೆ ಒಂದೇ ಇದ್ದರೆ ಸಾಲದು. ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡು. ಕೇಳುವಿಕೆಯನ್ನು ಅಳೆ. ಹಸುಗೂಸಿನ ತಲೆಗೆ ತಂತಿ ಹಚ್ಚಿ, ಕಿವಿಯಲ್ಲಿ ಟಕಟಕ ಸದ್ದು ಕೇಳಿಸಿ, ಮೆದುಳಿನ ಕಾಂಡದಿಂದ ಬರುವ ವಿದ್ಯುತ್ ಅಲೆ ಅಳೆಯುವ ಬೇರಾ ಪರೀಕ್ಷೆಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡುತ್ತಾರೆ. ಅದೇ ಪರೀಕ್ಷೆಯನ್ನು ಅರಿವಳಿಕೆ ಕೊಟ್ಟ ಇಲಿಗೂ ಮಾಡಬಹುದು. ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೆ ಇದ್ದವರ ಬಳಿ ಹೋಗು, ನಾಚಿಕೆಪಡಬೇಡ.

ಕೇಳುವಿಕೆಯ ಮೇಲೆ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಕಿವಿಯನ್ನು ಒಣಗಿಸುವ ಕೆಲವು ಔಷಧಗಳೇ ಕಿವಿಯನ್ನು ಕೊಲ್ಲಬಲ್ಲವು. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿತು, ಕ್ಷಯಕ್ಕೆ ಸಂಜೀವಿನಿಯಾಯಿತು. ಕೆಲವೇ ವರ್ಷಗಳಲ್ಲಿ ಅದನ್ನು ತೆಗೆದುಕೊಂಡವರಲ್ಲಿ ತಲೆತಿರುಗು, ಕಿವುಡು ಕಾಣಿಸಿತು. ಅದೇ ಜಾತಿಯ ನಿಯೊಮೈಸಿನ್, ಜೆಂಟಾಮೈಸಿನ್‌ಗಳನ್ನು ಗಿನಿಪಿಗ್ಗುಗಳ ಮಧ್ಯಕಿವಿಗೆ ಹಾಕಿದಾಗ ಒಳಕಿವಿಯ ಕೇಶಕೋಶಗಳು ಸಾಲುಸಾಲಾಗಿ ಸತ್ತುಹೋದವು. ಒಮ್ಮೆ ಸತ್ತ ಕೇಶಕೋಶ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಮಧ್ಯಕಿವಿಗೂ ಒಳಕಿವಿಗೂ ನಡುವೆ ಒಂದು ತೆಳುಪೊರೆ ಇದೆ, ಔಷಧ ಅದರ ಮೂಲಕ ಇಳಿಯುತ್ತದೆ. ಗಿನಿಪಿಗ್, ಚಿಂಚಿಲ್ಲಾಗಳಲ್ಲಿ ಅದು ನಮ್ಮದಕ್ಕಿಂತ ಬಹಳ ತೆಳು. ಮನುಷ್ಯರಲ್ಲಿ ದಪ್ಪ, ಒಂದು ತಗ್ಗಿನೊಳಗೆ ಅವಿತಿರುತ್ತದೆ. ಆದ್ದರಿಂದ ಪ್ರಾಣಿಗೆ ಆದಷ್ಟು ಹಾನಿ ನಮಗೆ ಆಗಲಿಕ್ಕಿಲ್ಲ. ಆದರೆ ಆಗುವುದೇ ಇಲ್ಲ ಎನ್ನಲೂ ಬಾರದು. ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಹನಿಗಳಿಂದ ಪ್ರಾಣಿಗಳಲ್ಲಿ ಆ ಹಾನಿ ಕಾಣಲಿಲ್ಲ. ಪರದೆ ತೂತಾದ ಕಿವಿಗೆ ಇಂದು ಅವನ್ನೇ ಮುಂದಿಟ್ಟಿರುವುದು ಇದಕ್ಕೇ. ಅಂಗಡಿಯಲ್ಲಿ ನಿನ್ನ ಗೆಳೆಯರು ಕುಳಿತಿರುತ್ತಾರಲ್ಲ, ಅವರಿಗೂ ಹೇಳು. ಕಿವಿಗೆ ಹನಿ ಕೊಡ್ರಿ ಎಂದು ಬಂದವರಿಗೆ ಕೈಗೆ ಸಿಕ್ಕ ಬಾಟಲಿ ಕೊಡಬಾರದು. ಡಾಕ್ಟರು ಪರದೆ ನೋಡಿದ್ದಾರೆಯೇ ಎಂದು ಕೇಳಬೇಕು.

ಹನಿ ಹಾಕುವುದಕ್ಕೂ ಒಂದು ಕ್ರಮವಿದೆ. ಕೀವು ತುಂಬಿದ ಕಿವಿಗೆ ಹನಿ ಬಿಟ್ಟರೆ ಅದು ಕೀವಿನ ಮೇಲೆಯೇ ನಿಲ್ಲುತ್ತದೆ. ಸ್ವಚ್ಛ ಹತ್ತಿಯನ್ನು ಹೊಸೆದು ಬತ್ತಿ ಮಾಡಿ, ಕಿವಿಯ ಹಾಲೆಯನ್ನು ಹಿಂದಕ್ಕೆ ಎಳೆದು ಮೆಲ್ಲಗೆ ಇಟ್ಟು, ನೆನೆದ ಮೇಲೆ ತೆಗೆದು, ಒಣ ಬತ್ತಿ ಬರುವತನಕ ಬದಲಿಸಬೇಕು. ಕಡ್ಡಿ, ಪಿನ್ನು ಹತ್ತಿರ ಬರಕೂಡದು. ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ಹಾಕಬೇಕು, ತಣ್ಣಗಿನ ಹನಿ ಬಿದ್ದರೆ ತಲೆ ತಿರುಗುತ್ತದೆ. ಹಾಕಿದ ಮೇಲೆ ಮಗು ಆ ಕಿವಿ ಮೇಲಿರುವಂತೆ ಐದು ನಿಮಿಷ ಮಲಗಿರಬೇಕು. ನಮ್ಮ ತಾಯಂದಿರಿಗೆ ಒಮ್ಮೆ ಕೈಹಿಡಿದು ತೋರಿಸಿದರೆ ಅಚ್ಚುಕಟ್ಟಾಗಿ ಮಾಡುತ್ತಾರೆ. ತೋರಿಸುವವರೇ ಕಡಿಮೆ.

ಪರದೆ ಗಟ್ಟಿಯಿದ್ದಾಗ ಹನಿ ಒಳಗೆ ಇಳಿಯುವುದೇ ಇಲ್ಲ, ಅದಕ್ಕೇ ಬಾಯಿಯ ಮೂಲಕ ಔಷಧ ಕೊಡಬೇಕಾಗುತ್ತದೆ. ಅದು ಕಿವಿಯೊಂದಕ್ಕಾಗಿ ಮೈಗೆಲ್ಲ ಹರಡುತ್ತದೆ, ಭೇದಿ ತರುತ್ತದೆ, ಬ್ಯಾಕ್ಟೀರಿಯಾಗಳಿಗೆ ಔಷಧ ತಡೆಯುವ ಪಾಠ ಕಲಿಸುತ್ತದೆ. ರಾಂಗ್ ಯಾಂಗ್, ಡೇನಿಯಲ್ ಕೊಹೇನ್ ಮತ್ತು ಜೊತೆಗಾರರು ಬಾಸ್ಟನ್ನಿನಲ್ಲಿ ಒಂದು ಔಷಧ ತಯಾರಿಸಿದರು. ಹಾಕುವಾಗ ತೆಳ್ಳಗಿದ್ದು, ಮೈಯ ಬಿಸಿಗೆ ಪರದೆಯ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಪರದೆಯ ಹೊರಪದರವನ್ನು ಸ್ವಲ್ಪ ಸಡಿಲಿಸುವ ವಸ್ತುಗಳೂ ಅದರಲ್ಲಿದ್ದು, ಸಿಪ್ರೊಫ್ಲಾಕ್ಸಸಿನ್ ದಿನಗಟ್ಟಲೆ ಒಳಗೆ ಇಳಿಯುತ್ತದೆ. 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಒಂದೇ ಸಲ ಹಾಕಿದ ಔಷಧದಿಂದ ಹತ್ತಕ್ಕೆ ಹತ್ತೂ ಚಿಂಚಿಲ್ಲಾಗಳ ಹಿಮೋಫಿಲಸ್ ಸೋಂಕು ಹೋಯಿತು. ಬರೀ ಸಿಪ್ರೊಫ್ಲಾಕ್ಸಸಿನ್ ಹನಿ ಸಿಕ್ಕವುಗಳಲ್ಲಿ ಎಂಟಕ್ಕೆ ಐದು. ಚಿಂಚಿಲ್ಲಾದ ಪರದೆ ನಮ್ಮದಕ್ಕಿಂತ ತೆಳು ಎಂಬುದನ್ನು ಮರೆಯಬಾರದು, ಪ್ರಾಣಿಗಳ ಸಂಖ್ಯೆಯೂ ಸಣ್ಣದು. ಆದರೂ ಹತ್ತು ದಿನ ಬಾಯಿ ಬಿಡಿಸಿ ಕುಡಿಸುವ ಬದಲು ಒಂದೇ ಸಲ ಹಾಕಿ ಮುಗಿಸುವ ದಿನ ಬಂದರೆ, ಕೂಲಿ ಬಿಟ್ಟು ಮತ್ತೆ ಮತ್ತೆ ಬರಲಾಗದ ನಮ್ಮ ಕಡೆಯ ತಾಯಿಗೆ ಅದಕ್ಕಿಂತ ಬೇರೆ ಏನು ಬೇಕು?

ಎಲ್ಲ ಕಿವಿಗೂ ಆ್ಯಂಟಿಬಯಾಟಿಕ್ಕೇ ಉತ್ತರ ಎಂದು ಮಾತ್ರ ತಿಳಿಯಬೇಡ. ಕೀವು ಒಂದೆರಡು ಹನಿಯಷ್ಟೇ, ಆದರೆ ತಾಳಲಾರದ ದುರ್ವಾಸನೆ ಇದ್ದರೆ ಒಳಗೆ ಚರ್ಮದ ಗಡ್ಡೆ ಬೆಳೆದು ಎಲುಬು ತಿನ್ನುತ್ತಿರಬಹುದು. ಕೊಲೆಸ್ಟಿಯಟೋಮಾ ಎನ್ನುತ್ತಾರೆ. ಮಂಗೋಲಿಯಾದ ಜರ್ಬಿಲ್ ಎಂಬ ಇಲಿಜಾತಿಯಲ್ಲಿ ಇದು ತಾನಾಗಿಯೇ ಬರುತ್ತದೆ, ಅದರಿಂದಲೇ ಈ ರೋಗದ ಬಗ್ಗೆ ಬಹಳ ಕಲಿತಿದ್ದಾರೆ. ಇದಕ್ಕೆ ಆಪರೇಷನ್ನೇ ದಾರಿ. ಕಿವಿಯ ಹಿಂದೆ ಬಾವು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ವಾಂತಿಯ ಜೊತೆ ತಲೆನೋವು ಬಂದರೆ ಅಂದೇ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು.

ಕಡೆಯದಾಗಿ ಪಂಜರದ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರದ ಸಮಿತಿಯಿದೆ, ನಿಮ್ಮ ಕಾಲೇಜಿನಲ್ಲಿಯೂ ಪ್ರಾಣಿ ನೈತಿಕತೆಯ ಸಮಿತಿ ಇರುತ್ತದೆ. ಅವರ ಒಪ್ಪಿಗೆ ಬಾರದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಕೆಲವು ಹುಡುಗರು ಆ ಅರ್ಜಿಯನ್ನು ಸೀನಿಯರುಗಳದ್ದು ನೋಡಿ ಇಳಿಸಿಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ. ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲಿ ಮೂರು ಪ್ರಶ್ನೆಗಳನ್ನು ಮುಂದಿಟ್ಟರು: ಪ್ರಾಣಿಯಿಲ್ಲದೆ ಇದನ್ನು ತಿಳಿಯಬಹುದೇ, ಕಡಿಮೆ ಪ್ರಾಣಿಗಳಲ್ಲಿ ತಿಳಿಯಬಹುದೇ, ನೋವು ಇನ್ನೂ ತಗ್ಗಿಸಬಹುದೇ. ಕಿವಿನೋವು ಎಷ್ಟು ಕ್ರೂರ ಎಂದು ರಾತ್ರಿಯಿಡೀ 'ಯವ್ವಾ' ಎಂದು ಅತ್ತ ಮಗುವಿಗೆ ಗೊತ್ತು. ಇಲಿಗೆ ಹೇಳಲು ಬಾಯಿಲ್ಲ. ಅದು ಬೆನ್ನು ಗೂನು ಮಾಡಿ ಕುಳಿತು, ರೋಮ ನಿಮಿರಿಸಿ, ಮೇವು ಬಿಟ್ಟು, ತೂಕ ಇಳಿಸಿಕೊಳ್ಳುತ್ತದೆ. ದಿನಾ ತೂಗು, ದಿನಾ ಬರೆ. ಎಷ್ಟು ತೂಕ ಇಳಿದರೆ, ತಲೆ ಎಷ್ಟು ಓರೆಯಾದರೆ ಪ್ರಯೋಗ ನಿಲ್ಲಿಸಿ ಅದಕ್ಕೆ ನೋವಿಲ್ಲದ ಮುಕ್ತಿ ಕೊಡಬೇಕು ಎಂದು ಮೊದಲೇ ನಿಗದಿ ಮಾಡಿಕೋ, ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಎಳೆಯಬೇಡ. ನೋವಿನ ಔಷಧವನ್ನು ಯೋಜನೆಯಲ್ಲಿಯೇ ಸೇರಿಸು. ಉರಿಯೂತ ಇಳಿಸುವ ಜಾತಿಯದಾದರೆ ಫಲಿತಾಂಶ ಕೆಡುತ್ತದೆ ಎಂಬ ವಾದ ಬರುತ್ತದೆ. ಹಾಗಾದರೆ ಬೇರೆ ಜಾತಿಯದನ್ನು ಹುಡುಕು, ಕೊಡದೇ ಬಿಡಲು ಅದನ್ನು ನೆಪ ಮಾಡಬೇಡ. ಫಲಿತಾಂಶ ನೀನು ಬಯಸಿದಂತೆ ಬಾರದಿದ್ದರೂ ಹಾಗೆಯೇ ಬರೆ. ಬರೆಯದೆ ಮುಚ್ಚಿಟ್ಟರೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಹುಡುಗಿ ಅದನ್ನೇ ಮಾಡಲು ಇನ್ನಷ್ಟು ಜೀವ ತೆಗೆಯಬೇಕಾಗುತ್ತದೆ.

ಪ್ರೊಟೊಕಾಲ್ ಬರೆದಾದ ಮೇಲೆ ಸಮಿತಿಗೆ ಕೊಡುವ ಮುಂಚೆ ನನಗೊಂದು ಪ್ರತಿ ಕಳಿಸು. ಎಷ್ಟು ಪ್ರಾಣಿ, ಏಕೆ ಅಷ್ಟೇ ಎಂಬ ಪುಟವನ್ನು ನಾನು ಮೊದಲು ಓದುತ್ತೇನೆ. ಕೇಳುವಿಕೆಯ ಪರೀಕ್ಷೆ ಯಾವ ಯಾವ ದಿನ ಎಂಬುದನ್ನು ಆಮೇಲೆ. ದೀಪಾವಳಿ ರಜೆಗೆ ಬಂದಾಗ ಎರಡು ದಿನ ನನ್ನ ಜೊತೆ ದವಾಖಾನೆಯಲ್ಲಿ ಕುಳಿತುಕೋ, ಮಕ್ಕಳ ಪರದೆ ನೋಡುವುದನ್ನು ತೋರಿಸಿಕೊಡುತ್ತೇನೆ.